ಸಂತೃಪ್ತಿಯ ಬೋಧೆ ಯಾರಿಗೆ?

ಖಾಸಗಿ ಶಾಲಾ ಕಾಲೇಜುಗಳ ನೌಕರರ 'ವೃತ್ತಿತೃಪ್ತಿ'ಯ ಬಗೆಗೆ ಈಚೆಗೆ ಚರ್ಚೆ ಹೆಚ್ಚಾಗಿದೆ. ಶಿಕ್ಷಣಶಾಸ್ತ್ರದ ವಿದ್ಯಾರ್ಥಿಗಳು ಪ್ರಶ್ನಾವಳಿಗಳನ್ನು ಹಿಡಿದು ಶಾಲೆಯಿಂದ ಶಾಲೆಗೆ ಹೋಗುತ್ತಾರೆ. ಶಿಕ್ಷಕರ ದಿನಾಚರಣೆಯ ವೇದಿಕೆಗಳಲ್ಲಿ 'ಅಲ್ಪದಲ್ಲಿ ತೃಪ್ತಿ ಹೊಂದುವವನೇ ಗುರು' ಎಂಬ ಧಾಟಿಯ ಮಾತುಗಳು ಕೇಳಿಬರುತ್ತವೆ. ಆಡಳಿತ ಮಂಡಳಿಯ ಅಧ್ಯಕ್ಷರು ಶಾಲು ಹೊದಿಸಿ, ಹಾರ ಹಾಕಿ, ಫಲ ತಾಂಬೂಲಗಳನ್ನಿತ್ತು ಶಿಕ್ಷಕಿಯ ತ್ಯಾಗವನ್ನು ಕೊಂಡಾಡುತ್ತಾರೆ. ಆಕೆಯ ಕಳೆದ ತಿಂಗಳ ಸಂಬಳ ಸಂದಾಯವಾಗಿದೆಯೇ ಎಂಬ ಪ್ರಶ್ನೆ ಮಾತ್ರ ಆ ವೇದಿಕೆಯಲ್ಲಿ ಏಳುವುದಿಲ್ಲ. ಸಲ್ಲಬೇಕಾದುದು ಸಂದಿದೆಯೇ ಎಂದು ಕೇಳದೆ 'ತೃಪ್ತಿ ಇದೆಯೇ' ಎಂದು ಕೇಳುವುದು ನ್ಯಾಯದ ಪ್ರಶ್ನೆಯನ್ನು ಮನಸ್ಸಿನ ಪ್ರಶ್ನೆಯಾಗಿ ಮಾರ್ಪಡಿಸುವ ಜಾಣತನವೆಂಬುದೇ ಈ ಲೇಖನದ ವಾದ. ರಾಯಚೂರು ನಗರ, ದೇವದುರ್ಗ ಮತ್ತು ಮಾನವಿಗಳನ್ನು ಕಣ್ಣ ಮುಂದಿರಿಸಿಕೊಂಡು ಈ ಮಾತನ್ನು ಪರಿಶೀಲಿಸೋಣ.

ಮೊದಲು ಈ ನೆಲದ ಸ್ಥಿತಿಯನ್ನು ನೆನೆಯಬೇಕು. ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ಈ ದೋಆಬ್ ಪ್ರದೇಶ ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದು, 1956ರಲ್ಲಿ ಕನ್ನಡ ನಾಡಿನೊಡನೆ ಒಂದಾಯಿತು. ಡಾ. ಡಿ.ಎಂ. ನಂಜುಂಡಪ್ಪನವರ ನೇತೃತ್ವದ ಉನ್ನತಾಧಿಕಾರ ಸಮಿತಿಯು 2002ರಲ್ಲಿ ಸಲ್ಲಿಸಿದ ವರದಿಯಲ್ಲಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿತು. ಅವುಗಳಲ್ಲಿ 21 ಅಂದಿನ ಗುಲ್ಬರ್ಗಾ ವಿಭಾಗಕ್ಕೆ ಸೇರಿದವು. ದೇವದುರ್ಗ ಮತ್ತು ಮಾನವಿ ಎರಡೂ ಆ ಪಟ್ಟಿಯಲ್ಲಿದ್ದವು. 2011ರ ಜನಗಣತಿಯ ವೇಳೆ ರಾಜ್ಯದ ಸಾಕ್ಷರತಾ ಪ್ರಮಾಣ ಶೇಕಡ 75.36 ಇದ್ದರೆ ರಾಯಚೂರು ಜಿಲ್ಲೆಯದು ಶೇಕಡ 59.56 ಮಾತ್ರ. ಸ್ತ್ರೀಯರಲ್ಲಿ ಅರ್ಧಕ್ಕಿಂತಲೂ ಹೆಚ್ಚು ಮಂದಿ ನಿರಕ್ಷರಿಗಳಾಗಿದ್ದರು. ಇಂತಹ ನಾಡಿನಲ್ಲಿ ಶಾಲೆಯನ್ನು ತೆರೆದವರು ಯಾರೇ ಆಗಲಿ, ಅವರಿಗೆ ಮೊದಲು ನಮಸ್ಕರಿಸುವುದು ಧರ್ಮ. ಪಂಡಿತ ತಾರಾನಾಥರು ನಿಜಾಮರ ಕಾಲದಲ್ಲಿ ರಾಯಚೂರಿನಲ್ಲಿ ಹಮದರ್ದ್ ಶಾಲೆಯನ್ನು ಸ್ಥಾಪಿಸಿದಾಗ ಲಾಭವೆಂಬ ಶಬ್ದವೇ ಅಲ್ಲಿ ಸುಳಿದಿರಲಿಲ್ಲ. ಸರ್ಕಾರವು ಮಾಡದಿದ್ದ ಕಾರ್ಯವನ್ನು ಖಾಸಗಿ ಸಂಸ್ಥೆಗಳು ಮಾಡಿದವು, ಇಂದಿಗೂ ಮಾಡುತ್ತಿವೆ. ಅದನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ. ಆದರೆ ಆ ಹಿರಿಯರು ಗಳಿಸಿಕೊಟ್ಟ ಗೌರವದ ನೆರಳಿನಲ್ಲಿ ಇಂದು ಏನು ನಡೆಯುತ್ತಿದೆ ಎಂಬುದನ್ನು ನೋಡದೆ ಕಣ್ಣು ಮುಚ್ಚಿಕೊಳ್ಳುವುದೂ ಧರ್ಮವಲ್ಲ.

ಪ್ರಶ್ನಾವಳಿಯ ಮಿತಿ

ವೃತ್ತಿತೃಪ್ತಿ ಎಂಬ ಪರಿಕಲ್ಪನೆ ನಮಗೆ ಪಶ್ಚಿಮದಿಂದ ಬಂದುದು. ಅಮೆರಿಕದ ರಾಬರ್ಟ್ ಹೊಪ್ಪೋಕ್ ಎಂಬ ವಿದ್ವಾಂಸನು 1935ರಲ್ಲಿ ಇದೇ ಹೆಸರಿನ ಗ್ರಂಥವನ್ನು ಬರೆದನು. 1959ರಲ್ಲಿ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಆತನ ಸಂಗಡಿಗರು ತೃಪ್ತಿಯ ಕಾರಣಗಳು ಬೇರೆ, ಅತೃಪ್ತಿಯ ಕಾರಣಗಳು ಬೇರೆ ಎಂದು ಪ್ರತಿಪಾದಿಸಿದರು. ಸಾಧನೆ, ಮನ್ನಣೆ, ಹೊಣೆಗಾರಿಕೆಗಳು ತೃಪ್ತಿಯನ್ನು ನೀಡುತ್ತವೆ. ಸಂಬಳ, ಮೇಲ್ವಿಚಾರಣೆ, ಕೆಲಸದ ಪರಿಸ್ಥಿತಿಗಳು ಸರಿಯಿಲ್ಲದಿದ್ದರೆ ಅತೃಪ್ತಿಯುಂಟಾಗುತ್ತದೆ. ಈ ಸಿದ್ಧಾಂತದ ಅರ್ಧವನ್ನಷ್ಟೇ ಓದಿಕೊಂಡ ನಮ್ಮ ಕೆಲವು ಆಡಳಿತಗಾರರು 'ಸಂಬಳವೇ ಸರ್ವಸ್ವವಲ್ಲ ಎಂದು ಶಾಸ್ತ್ರಜ್ಞರೇ ಹೇಳಿದ್ದಾರೆ' ಎನ್ನುತ್ತಾರೆ. ಸಂಬಳವು ಕೈಸೇರದ ಸ್ಥಳದಲ್ಲಿ ಮಿಕ್ಕ ಯಾವ ಪ್ರೋತ್ಸಾಹವೂ ಅತೃಪ್ತಿಯನ್ನು ಹೋಗಲಾಡಿಸದು ಎಂಬ ಉಳಿದರ್ಧ ಅವರಿಗೆ ಬೇಕಾಗಿಲ್ಲ.

ಇನ್ನು ಉತ್ತರ ಕೊಡುವವರ ಪರಿಸ್ಥಿತಿಯನ್ನು ಗಮನಿಸಿರಿ. ಪ್ರಶ್ನಾವಳಿಯನ್ನು ಹಂಚುವವರು ಬಹುಮಟ್ಟಿಗೆ ಮುಖ್ಯೋಪಾಧ್ಯಾಯರು, ತುಂಬಿದ ಹಾಳೆ ಹಿಂದಿರುಗುವುದೂ ಅವರ ಮೇಜಿಗೇ. ನೇಮಕಾತಿ ಪತ್ರವಿಲ್ಲದ, ಮುಂದಿನ ಜೂನ್ ತಿಂಗಳಲ್ಲಿ ಕೆಲಸ ಉಳಿಯುವುದೋ ಇಲ್ಲವೋ ತಿಳಿಯದ ಶಿಕ್ಷಕಿಯೊಬ್ಬಳು 'ಆಡಳಿತ ಮಂಡಳಿಯ ವರ್ತನೆ ನಿಮಗೆ ತೃಪ್ತಿ ತಂದಿದೆಯೇ' ಎಂಬ ಪ್ರಶ್ನೆಯ ಮುಂದೆ ಏನು ಬರೆದಾಳು? ಭಯದ ನೆರಳಿನಲ್ಲಿ ನೀಡಿದ ಹೇಳಿಕೆಯನ್ನು ಯಾವ ನ್ಯಾಯಾಲಯವೂ ಸಾಕ್ಷ್ಯವೆಂದು ಅಂಗೀಕರಿಸುವುದಿಲ್ಲ. ಗುಮಾಸ್ತ, ಜವಾನ, ಆಯಾ, ಶಾಲಾ ವಾಹನದ ಚಾಲಕ ಇವರನ್ನಂತೂ ಕೇಳುವ ಗೋಜಿಗೇ ಯಾರೂ ಹೋಗುವುದಿಲ್ಲ.

ನಡೆಯುತ್ತಿರುವುದೇನು?

ಎಲ್ಲ ಸಂಸ್ಥೆಗಳೂ ಒಂದೇ ತೆರನಲ್ಲ. ಪ್ರತಿ ತಿಂಗಳು ಬ್ಯಾಂಕಿನ ಮೂಲಕ ಪೂರ್ಣ ವೇತನ ನೀಡುವ ಸಂಸ್ಥೆಗಳಿವೆ, ಅವು ವಂದ್ಯ. ಆದರೆ ಈ ಭಾಗದ ಶಿಕ್ಷಕ ವೃಂದದೊಡನೆ ಒಡನಾಡಿದ ಯಾರಿಗೂ ಕೆಳಗಿನ ಪದ್ಧತಿಗಳು ಹೊಸತಾಗಿ ತೋರಲಾರವು. ಹತ್ತು ತಿಂಗಳು ಸಂಬಳ ನೀಡಿ ಏಪ್ರಿಲ್ ಮೇ ತಿಂಗಳುಗಳನ್ನು ಕೈಬಿಡುವುದು, ಅದೇ ಏಪ್ರಿಲ್ ಮೇ ತಿಂಗಳಲ್ಲಿ, ರಾಯಚೂರಿನ ಬಿಸಿಲು ಕಲ್ಲನ್ನೂ ಕಾಯಿಸುವ ವೇಳೆ, ಶಿಕ್ಷಕಿಯರನ್ನು ಮನೆಮನೆಗೆ ಕಳುಹಿಸಿ 'ಇಷ್ಟು ಪ್ರವೇಶಗಳನ್ನು ತರಬೇಕು' ಎಂದು ಗುರಿ ನಿಗದಿಪಡಿಸುವುದು, ಬಿ.ಎಡ್. ಮತ್ತು ಪದವಿಯ ಮೂಲ ಪ್ರಮಾಣಪತ್ರಗಳನ್ನು ಕಚೇರಿಯ ಬೀರುವಿನಲ್ಲಿರಿಸಿಕೊಂಡು, ಬಿಟ್ಟುಹೋಗುವವರನ್ನು ಸತಾಯಿಸುವುದು; ಒಂದು ಮೊತ್ತಕ್ಕೆ ಸಹಿ ಹಾಕಿಸಿಕೊಂಡು ಇನ್ನೊಂದು ಮೊತ್ತವನ್ನು ಕೈಗಿಡುವುದು, ಅಥವಾ ಬ್ಯಾಂಕಿಗೆ ಹಾಕಿದ ಹಣದಲ್ಲಿ ಒಂದು ಪಾಲನ್ನು ನಗದಾಗಿ ಹಿಂದಕ್ಕೆ ಪಡೆಯುವುದು.

ಒಂದು ಹೋಲಿಕೆಯನ್ನು ನೋಡೋಣ. 2025-26ನೆಯ ಸಾಲಿಗೆ ಕರ್ನಾಟಕದಲ್ಲಿ ಉದ್ಯೋಗ ಖಾತರಿ ಯೋಜನೆಯ ದಿನಗೂಲಿ 370 ರೂಪಾಯಿಗಳೆಂದು ನಿಗದಿಯಾಗಿತ್ತು. ತಿಂಗಳಿಗೆ 26 ದಿನಗಳಂತೆ ಗುಣಿಸಿದರೆ ಅದು 9,620 ರೂಪಾಯಿಯಾಗುತ್ತದೆ. ಮಣ್ಣು ಹೊರುವ ಶ್ರಮಕ್ಕೆ ಅದು ಅಧಿಕವೇನಲ್ಲ, ಬಹುಶಃ ಕಡಿಮೆಯೇ. ಪದವಿಯ ಮೇಲೆ ಬಿ.ಎಡ್. ಮುಗಿಸಿ, ರಾಯಚೂರಿನಿಂದ ಮಾನವಿಗೋ ದೇವದುರ್ಗಕ್ಕೋ ನಿತ್ಯ ಬಸ್ಸಿನಲ್ಲಿ ಹೋಗಿಬಂದು ಪಾಠ ಹೇಳುವವರಲ್ಲಿ ಇದಕ್ಕಿಂತಲೂ ಕಡಿಮೆ ಪಡೆಯುವವರು ತಮ್ಮ ಸಂಸ್ಥೆಯಲ್ಲಿ ಒಬ್ಬರೂ ಇಲ್ಲವೆಂದು ಎಷ್ಟು ಮಂದಿ ಕಾರ್ಯದರ್ಶಿಗಳು ಎದೆ ಮುಟ್ಟಿಕೊಂಡು ಹೇಳಬಲ್ಲರು?

ವ್ರತ ಯಾರದು, ಉಪವಾಸ ಯಾರಿಗೆ?

ಸಂತೋಷ, ಮಿತವ್ಯಯ, ಅಪರಿಗ್ರಹ ಇವು ಉದಾತ್ತ ಗುಣಗಳು. ಇವುಗಳ ಹೆಸರನ್ನು ಹೇಳಿ ಕಡಿಮೆ ಸಂಬಳವನ್ನು ಸಮರ್ಥಿಸುವವರಿಗೆ ಒಂದು ಮಾತನ್ನು ನೆನಪಿಸಬೇಕಾಗಿದೆ. ವ್ರತವೆಂಬುದು ತಾನಾಗಿ ಕೈಗೊಳ್ಳುವಂಥದು. ಶ್ರಾವಕನು ತನ್ನ ಪರಿಗ್ರಹಕ್ಕೆ ತಾನು ಪರಿಮಾಣವನ್ನು ನಿಶ್ಚಯಿಸಿಕೊಳ್ಳುತ್ತಾನೆಯೇ ಹೊರತು ನೆರೆಮನೆಯವನ ಕಣಜಕ್ಕೆ ಮಿತಿಯನ್ನು ಹೇರುವುದಿಲ್ಲ. ತನ್ನ ಊಟವನ್ನು ತಾನು ಬಿಟ್ಟರೆ ಅದು ಉಪವಾಸ. ಇನ್ನೊಬ್ಬನ ಊಟವನ್ನು ಕಿತ್ತುಕೊಂಡರೆ ಅದಕ್ಕೆ ಬೇರೆ ಹೆಸರಿದೆ. ನಮ್ಮ ಸೀಮೆಯ ಗಾದೆ 'ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ' ಎನ್ನುತ್ತದೆ. ಶಿಕ್ಷಕಿಯ ಸಂಬಳವನ್ನು ಉಳಿಸಿ ಕಟ್ಟಿದ ಕಟ್ಟಡದ ಮೇಲೆ ದಾನಿಗಳೆಂದು ತಮ್ಮ ಹೆಸರನ್ನು ಕೆತ್ತಿಸಿಕೊಳ್ಳುವುದು ಈ ಜಾತ್ರೆಗಿಂತ ಬೇರೆಯಲ್ಲ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಣುವ್ರತಗಳ ಅತಿಚಾರಗಳನ್ನು ಎಣಿಸಲಾಗಿದೆ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಎರಡು ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಅಂದರೆ ಮೀರಿದ ಹೊರೆಯನ್ನು ಹೇರುವುದು ಹಾಗೂ ಆಶ್ರಿತರ ಅನ್ನ ನೀರುಗಳನ್ನು ತಡೆಯುವುದು. ಎತ್ತು ಕುದುರೆಗಳ ವಿಷಯದಲ್ಲಿ ಈ ನಿಷೇಧವನ್ನು ಪಾಲಿಸುವ ನಾವು ಮನುಷ್ಯರ ವಿಷಯದಲ್ಲಿ ಮರೆಯಬಹುದೇ? ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯೂ ನ್ಯಾಸಾಪಹಾರವೂ ಸೇರಿವೆ. ಕೊಡದ ಹಣವನ್ನು ಕೊಟ್ಟಂತೆ ಬರೆದ ವೇತನಪಟ್ಟಿ ಕೂಟಲೇಖವಲ್ಲದೆ ಮತ್ತೇನು? ನಂಬಿ ಒಪ್ಪಿಸಿದ ಮೂಲ ಪ್ರಮಾಣಪತ್ರವನ್ನು ಹಿಂದಿರುಗಿಸದಿರುವುದು ನ್ಯಾಸಾಪಹಾರದ ಸೋದರನಲ್ಲವೇ? ಪರಿಗ್ರಹ ಪರಿಮಾಣದ ಮಿತಿಯನ್ನು ಮೀರಬಾರದೆಂದು ಹೇಳುವಾಗ ಮೊದಲು ಉಲ್ಲೇಖಗೊಳ್ಳುವ ವಸ್ತುಗಳೇ ಕ್ಷೇತ್ರ ಮತ್ತು ವಾಸ್ತು, ಎಂದರೆ ಭೂಮಿ ಮತ್ತು ಕಟ್ಟಡ. ವರ್ಷಕ್ಕೊಂದು ಅಂತಸ್ತು ಏರುವ ವಿದ್ಯಾಸಂಸ್ಥೆಗಳ ಧರ್ಮದರ್ಶಿಗಳು ಇದನ್ನು ಏಕಾಂತದಲ್ಲಿ ಆಲೋಚಿಸಬೇಕು. ಶಾಸ್ತ್ರದಾನವು ಚತುರ್ವಿಧ ದಾನಗಳಲ್ಲೊಂದು ಎಂಬುದು ನಿಜ. ಆದರೆ ಋಣವನ್ನು ತೀರಿಸದೆ ಮಾಡಿದ ದಾನವು ದಾನವಾಗುವುದು ಹೇಗೆ? ಸಂಬಳವು ಋಣ. ಅದನ್ನು ಉಳಿಸಿಕೊಂಡು ದಾನಿಯೆನಿಸಿಕೊಳ್ಳುವ ಹಾದಿ ಯಾವ ಆಚಾರಗ್ರಂಥದಲ್ಲಿಯೂ ಇಲ್ಲ.

ಕಾನೂನು ನೀಡಿದ ಆಸರೆ

ನೀತಿಯ ಮಾತು ಸಾಕು, ಕಾನೂನಿನ ಮಾತು ಬೇಕು ಎನ್ನುವವರಿಗೆ ಅದನ್ನೂ ಹೇಳೋಣ. 1978ರಲ್ಲಿ ಬೆಂಗಳೂರು ಜಲಮಂಡಳಿಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಶಿಕ್ಷಣ ಸಂಸ್ಥೆಯೂ 'ಕೈಗಾರಿಕೆ'ಯ ವ್ಯಾಪ್ತಿಯಲ್ಲಿ ಬರುತ್ತದೆಂದು ತೀರ್ಪಿತ್ತಿತು. ಆದರೆ 1988ರಲ್ಲಿ ಸುಂದರಾಂಬಾಳ್ ಪ್ರಕರಣದಲ್ಲಿ ಶಿಕ್ಷಕನು 'ಕಾರ್ಮಿಕ'ನಲ್ಲ ಎಂದು ಅದೇ ನ್ಯಾಯಾಲಯ ನಿರ್ಣಯಿಸಿತು. ಸಂಸ್ಥೆ ಕೈಗಾರಿಕೆಯಾಯಿತು, ಅದರಲ್ಲಿ ದುಡಿಯುವ ಶಿಕ್ಷಕ ಮಾತ್ರ ಕಾರ್ಮಿಕ ನ್ಯಾಯಾಲಯದ ಬಾಗಿಲ ಹೊರಗುಳಿದನು. ಈ ಕೊರತೆಯ ನಡುವೆ ಕರ್ನಾಟಕದ ಶಿಕ್ಷಕರಿಗೆ ಒದಗಿಬಂದುದು ರಾಜ್ಯದ್ದೇ ಶಾಸನ. 1975ರಲ್ಲಿ ಖಾಸಗಿ ಶಿಕ್ಷಣ ಸಂಸ್ಥೆಗಳ ಶಿಸ್ತು ಮತ್ತು ನಿಯಂತ್ರಣ ಅಧಿನಿಯಮ ಬಂದಿತು. ಅನಂತರ 1983ರ ಕರ್ನಾಟಕ ಶಿಕ್ಷಣ ಅಧಿನಿಯಮವು 1995ರಲ್ಲಿ ಜಾರಿಗೊಂಡಿತು. ಇದರ 92ನೆಯ ಪ್ರಕರಣದಂತೆ, ಈ ಅಧಿನಿಯಮಕ್ಕೆ ಒಳಪಟ್ಟ ಸಂಸ್ಥೆಗಳಲ್ಲಿ ವಿಚಾರಣೆ ನಡೆಸದೆ ನೌಕರನನ್ನು ವಜಾ ಮಾಡುವಂತಿಲ್ಲ. ವಜಾಗೊಂಡವರು 94ನೆಯ ಪ್ರಕರಣದಡಿ ಮೂರು ತಿಂಗಳೊಳಗೆ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಯ ಮೊರೆ ಹೋಗಬಹುದು. 'ನಾಳೆಯಿಂದ ಬರಬೇಡಿ' ಎಂಬ ಮಾತೊಂದರಿಂದ ಕೆಲಸ ಕಳೆದುಕೊಂಡವರಲ್ಲಿ ಈ ಮೂರು ತಿಂಗಳ ಅವಧಿಯ ವಿಷಯ ತಿಳಿದವರು ವಿರಳ.

ಗ್ರಾಚ್ಯುಟಿ ಎಂಬ ನಿವೃತ್ತಿ ಉಪದಾನದ ಕಥೆ ಇನ್ನೂ ದೀರ್ಘವಾದುದು. 1972ರ ಉಪದಾನ ಅಧಿನಿಯಮವನ್ನು ಹತ್ತು ಅಥವಾ ಹೆಚ್ಚು ನೌಕರರಿರುವ ಶಿಕ್ಷಣ ಸಂಸ್ಥೆಗಳಿಗೆ 1997ರ ಏಪ್ರಿಲ್ 3ರ ಅಧಿಸೂಚನೆಯ ಮೂಲಕ ವಿಸ್ತರಿಸಲಾಯಿತು. ಆದರೆ 2004ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅಧಿನಿಯಮದ ವ್ಯಾಖ್ಯೆಯೊಳಗೆ ಶಿಕ್ಷಕರು ಬರುವುದಿಲ್ಲವೆಂದಿತು. 2009ರಲ್ಲಿ ಸಂಸತ್ತು ಆ ವ್ಯಾಖ್ಯೆಯನ್ನೇ ತಿದ್ದಿ, 1997ರಿಂದ ಪೂರ್ವಾನ್ವಯವಾಗುವಂತೆ ಶಿಕ್ಷಕರನ್ನು ಸೇರಿಸಿತು. ಅದನ್ನು ಖಾಸಗಿ ಶಾಲೆಗಳ ಒಕ್ಕೂಟಗಳು ಪ್ರಶ್ನಿಸಿದವು, 2022ರ ಆಗಸ್ಟ್ 29ರಂದು ಸರ್ವೋಚ್ಚ ನ್ಯಾಯಾಲಯವು ತಿದ್ದುಪಡಿಯನ್ನು ಎತ್ತಿಹಿಡಿಯಿತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಉಪದಾನದ ಹಕ್ಕು ಮುಂದುವರಿದಿದೆ. ಸೇವೆಯ ಪ್ರತಿ ವರ್ಷಕ್ಕೆ ಹದಿನೈದು ದಿನಗಳ ವೇತನ, ತಿಂಗಳಿಗೆ 26 ದಿನಗಳೆಂಬ ಲೆಕ್ಕ. ತಿಂಗಳಿಗೆ 8,000 ರೂಪಾಯಿ ಪಡೆಯುವವರು ಇಪ್ಪತ್ತು ವರ್ಷ ದುಡಿದು ನಿವೃತ್ತರಾದರೆ ಸುಮಾರು 92,300 ರೂಪಾಯಿ ಅವರಿಗೆ ಸಲ್ಲಬೇಕು. ಇದು ಬಹುಮಾನವಲ್ಲ, ಹಕ್ಕು. ಬೀಳ್ಕೊಡುಗೆಯ ದಿನ ಒಂದು ಗೋಡೆ ಗಡಿಯಾರವನ್ನೋ ಬೆಳ್ಳಿಯ ಲೋಟವನ್ನೋ ಕೊಟ್ಟು ಕಣ್ಣೀರು ತುಂಬಿ ಕಳುಹಿಸಿದರೆ ಈ ಋಣ ಹರಿಯುವುದಿಲ್ಲ. ಅಂತೆಯೇ ಇಪ್ಪತ್ತು ಅಥವಾ ಹೆಚ್ಚು ನೌಕರರಿರುವ ವಿದ್ಯಾಸಂಸ್ಥೆಗಳು 1982ರಿಂದಲೇ ಭವಿಷ್ಯನಿಧಿಯ ವ್ಯಾಪ್ತಿಗೆ ಬಂದಿವೆ. ಇಪ್ಪತ್ತರ ಗಡಿ ದಾಟದಂತೆ ಹಾಜರಿ ಪುಸ್ತಕಗಳನ್ನು ಎರಡು ಮಾಡುವ ಚಾತುರ್ಯವನ್ನು ಏನೆಂದು ಕರೆಯಬೇಕೆಂಬುದನ್ನು ಓದುಗರೇ ನಿರ್ಧರಿಸಲಿ.

ಆಕ್ಷೇಪಗಳಿಗೆ ಸಮಾಧಾನ

ಆಡಳಿತ ಮಂಡಳಿಗಳ ಕಡೆಯ ಮಾತನ್ನೂ ಕೇಳದೆ ತೀರ್ಪು ಕೊಡುವುದು ಅನೇಕಾಂತ ದೃಷ್ಟಿಗೆ ಒಪ್ಪುವುದಿಲ್ಲ. ಅವರ ಮೊದಲ ಆಕ್ಷೇಪ ಹೀಗಿದೆ: 'ಅನುದಾನವಿಲ್ಲ, ಪೋಷಕರು ಬಡವರು, ಹತ್ತಿಗೂ ಭತ್ತಕ್ಕೂ ಬೆಲೆ ಬಿದ್ದ ವರ್ಷ ಶುಲ್ಕ ಬರುವುದೇ ಇಲ್ಲ.' ಇದರಲ್ಲಿ ಸತ್ಯಾಂಶವಿದೆ. 1987ರ ನಂತರ ಪ್ರಾರಂಭಗೊಂಡ ಶಾಲೆಗಳಿಗೆ ಅನುದಾನವಿಲ್ಲವೆಂಬ ನೀತಿಯನ್ನು ಸರ್ಕಾರ ತಳೆದುದರಿಂದ ಅನೇಕ ಸಂಸ್ಥೆಗಳು ಕಷ್ಟಕ್ಕೀಡಾದವು. ಆದರೆ ಕಷ್ಟವು ನಿಜವಾದಲ್ಲಿ ಅದನ್ನು ಎಲ್ಲರೂ ಹಂಚಿಕೊಳ್ಳಬೇಕು. ಆದಾಯ ವೆಚ್ಚದ ತಃಖ್ತೆಯನ್ನು ವರ್ಷಕ್ಕೊಮ್ಮೆ ಸಿಬ್ಬಂದಿಯ ಮುಂದಿರಿಸಲಿ. ಹಣವಿಲ್ಲವೆಂಬುದು ಅದರಿಂದ ಸಿದ್ಧವಾದರೆ ಶಿಕ್ಷಕರೇ ಅರ್ಥ ಮಾಡಿಕೊಂಡಾರು. ಹೊಸ ಬಸ್ಸಿಗೆ, ಬಣ್ಣದ ಕರಪತ್ರಕ್ಕೆ, ವಾರ್ಷಿಕೋತ್ಸವದ ದೀಪಾಲಂಕಾರಕ್ಕೆ ಹಣವಿದ್ದು ಸಂಬಳಕ್ಕೆ ಮಾತ್ರ ಇಲ್ಲವೆಂದರೆ ಅದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿದ ಕಥೆಯಾಗುತ್ತದೆ. ಇಲ್ಲಿ ಹೊಟ್ಟೆ ಒಬ್ಬರದು, ಜುಟ್ಟು ಇನ್ನೊಬ್ಬರದು ಎಂಬುದಷ್ಟೇ ವ್ಯತ್ಯಾಸ. ಶಿಕ್ಷಣ ಸಂಸ್ಥೆಯು ಅಭಿವೃದ್ಧಿಗಾಗಿ ಯುಕ್ತ ಮಿಗುತಾಯವನ್ನು ಹೊಂದಬಹುದು, ಲಾಭಕೋರತನ ಸಲ್ಲದು ಎಂದು ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ಹನ್ನೊಂದು ನ್ಯಾಯಾಧೀಶರ ಪೀಠವು 2002ರಲ್ಲಿ ಹೇಳಿತು. ಸಂಬಳವನ್ನು ಬಾಕಿ ಇರಿಸಿ ತೋರಿಸುವ ಮಿಗುತಾಯವು ಯುಕ್ತವಾದೀತೇ?

ಎರಡನೆಯ ಆಕ್ಷೇಪ: 'ಒಪ್ಪಿಕೊಂಡೇ ಬಂದಿದ್ದಾರೆ, ಒಲ್ಲದಿದ್ದರೆ ಹೋಗಲಿ.' ಹೋಗುವುದು ಎಲ್ಲಿಗೆ? ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಈ ಭಾಗದ ಯುವಜನರಿಗೆ ಸರ್ಕಾರಿ ಹುದ್ದೆಗಳ ಆಸೆ ಚಿಗುರಿದೆ. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿ ನಡೆದಾಗ 5,000 ಹುದ್ದೆಗಳು ಕಲ್ಯಾಣ ಕರ್ನಾಟಕಕ್ಕೆ ಮೀಸಲಾಗಿದ್ದವು. ಸಾಧ್ಯವಾದವರು ಹೊರಟೇ ಹೋಗುತ್ತಾರೆ. ವಯೋಮಿತಿ ಮೀರಿದವರು, ವೃದ್ಧ ತಂದೆತಾಯಿಯರನ್ನು ಬಿಟ್ಟು ಹೋಗಲಾರದವರು, ಊರಿನಿಂದ ಹೊರಗೆ ಕಳುಹಿಸಲು ಮನೆಯವರು ಒಪ್ಪದ ಹೆಣ್ಣುಮಕ್ಕಳು ಉಳಿಯುತ್ತಾರೆ. ಬೇರೆ ದಾರಿಯಿಲ್ಲದವನ ಒಪ್ಪಿಗೆಯನ್ನು ಸ್ವತಂತ್ರ ಸಮ್ಮತಿಯೆಂದು ಕರೆಯುವುದು ಬಡ್ಡಿ ವ್ಯಾಪಾರಿಯ ತರ್ಕ. ವಿದ್ಯಾಮಂದಿರದ ಬಾಯಲ್ಲಿ ಅದು ಶೋಭಿಸದು.

ಮೂರನೆಯದು, ಬಹಿರಂಗವಾಗಿ ಆಡದೆ ಒಳಗೊಳಗೇ ಆಡುವ ಮಾತು: 'ಹೆಣ್ಣುಮಕ್ಕಳು ಹೊತ್ತು ಕಳೆಯಲು ಬರುತ್ತಾರೆ, ಗಂಡನ ದುಡಿಮೆ ಇದೆಯಲ್ಲ.' ಅಂಗಡಿಯಲ್ಲಿ ಅಕ್ಕಿ ಕೊಳ್ಳುವಾಗ ಗಿರಾಕಿಯ ಗಂಡನ ಆದಾಯವನ್ನು ವಿಚಾರಿಸಿ ಯಾರೂ ಬೆಲೆ ಇಳಿಸುವುದಿಲ್ಲ. ಕೆಲಸಕ್ಕೆ ಬೆಲೆ ಕಟ್ಟುವಾಗ ಮಾತ್ರ ಆ ವಿಚಾರಣೆ ಏಕೆ? ಆಕೆ ಆರು ಗಂಟೆ ನಿಂತು ಪಾಠ ಹೇಳಿ, ರಾತ್ರಿ ಉತ್ತರ ಪತ್ರಿಕೆಗಳನ್ನು ತಿದ್ದುವುದು ಹೊತ್ತು ಕಳೆಯಲಿಕ್ಕಲ್ಲ.

ಇದರ ಪರಿಣಾಮ ಮಕ್ಕಳ ಮೇಲೆ ಆಗದಿರದು. ವರ್ಷಕ್ಕೊಬ್ಬ ಗಣಿತ ಶಿಕ್ಷಕ ಬದಲಾಗುವ ಶಾಲೆಯಲ್ಲಿ ಎಂಟನೆಯ ತರಗತಿಯ ಕೊರತೆಯನ್ನು ಹತ್ತನೆಯ ತರಗತಿಯಲ್ಲಿ ಗುರುತಿಸುವವರೇ ಇರುವುದಿಲ್ಲ. ಎಸ್.ಎಸ್.ಎಲ್.ಸಿ. ಫಲಿತಾಂಶದಲ್ಲಿ 2024ರಲ್ಲಿ ಯಾದಗಿರಿ, 2025ರಲ್ಲಿ ಕಲಬುರಗಿ ಜಿಲ್ಲೆ ರಾಜ್ಯದ ಕೊನೆಯ ಸ್ಥಾನದಲ್ಲಿದ್ದವು. ಈ ಹಿನ್ನಡೆಗೆ ಕಾರಣಗಳು ಹಲವು, ಸರ್ಕಾರಿ ಶಾಲೆಗಳ ಖಾಲಿ ಹುದ್ದೆಗಳೂ ಅದರಲ್ಲಿ ಸೇರಿವೆ. ಆದರೆ ಶಿಕ್ಷಕನು ನೆಲೆ ನಿಲ್ಲದ ಕಡೆ ವಿದ್ಯೆಯೂ ನೆಲೆ ನಿಲ್ಲದು. 2020ರ ಮಾರ್ಚಿನಲ್ಲಿ ಮಹಾಮಾರಿಯಿಂದ ಶಾಲೆಗಳು ಮುಚ್ಚಿದಾಗ ಈ ವ್ಯವಸ್ಥೆಯ ಟೊಳ್ಳು ಬಯಲಾಯಿತು. ಖಾಸಗಿ ಶಾಲೆಗಳ ಎಷ್ಟೋ ಶಿಕ್ಷಕರು ತಿಂಗಳುಗಟ್ಟಲೆ ವೇತನವಿಲ್ಲದೆ ತರಕಾರಿ ಮಾರಿದರು, ಹೊಲದ ಕೂಲಿಗೆ ಹೋದರು. 2021ರಲ್ಲಿ ರಾಜ್ಯ ಸರ್ಕಾರವು ಅನುದಾನರಹಿತ ಶಾಲೆಗಳ ಸಿಬ್ಬಂದಿಗೆ ಒಂದು ಬಾರಿಯ ನೆರವಾಗಿ ತಲಾ 5,000 ರೂಪಾಯಿಗಳನ್ನು ಘೋಷಿಸಿತು. ದಶಕಗಳ ಕಾಲ ಶುಲ್ಕ ಸಂಗ್ರಹಿಸಿದ ಸಂಸ್ಥೆಗಳಲ್ಲಿ ಕಷ್ಟಕಾಲಕ್ಕೆಂದು ನೌಕರರ ನಿಧಿಯೊಂದನ್ನು ಕೂಡಿಟ್ಟವು ಎಷ್ಟು?

ಕರ್ತವ್ಯವೇನು?

ಈ ಪತ್ರಿಕೆಯ ವಾಚಕರಲ್ಲಿ ವಿದ್ಯಾಸಂಸ್ಥೆಗಳ ಧರ್ಮದರ್ಶಿಗಳಿದ್ದಾರೆ, ದಾನಿಗಳಿದ್ದಾರೆ, ಶಿಕ್ಷಕರಿದ್ದಾರೆ, ಮಕ್ಕಳನ್ನು ಖಾಸಗಿ ಶಾಲೆಗೆ ಕಳುಹಿಸುವ ಪೋಷಕರಂತೂ ಬಹುಮಂದಿ. ಧರ್ಮದರ್ಶಿಗಳು ಮಾಡಬೇಕಾದುದು ದುಸ್ಸಾಧ್ಯವೇನಲ್ಲ. ಪ್ರತಿಯೊಬ್ಬ ನೌಕರನಿಗೂ ನೇಮಕಾತಿ ಪತ್ರ ಕೊಡಲಿ. ಹನ್ನೆರಡು ತಿಂಗಳ ವೇತನವನ್ನು ಬ್ಯಾಂಕಿನ ಮೂಲಕವೇ ಪಾವತಿಸಲಿ, ಅದರಲ್ಲಿ ಒಂದು ರೂಪಾಯಿಯನ್ನೂ ಹಿಂದಕ್ಕೆ ಪಡೆಯದಿರಲಿ. ಬೀರುವಿನಲ್ಲಿರುವ ಮೂಲ ಪ್ರಮಾಣಪತ್ರಗಳನ್ನು ನಾಳೆಯೇ ಹಿಂದಿರುಗಿಸಲಿ. ಭವಿಷ್ಯನಿಧಿ ಮತ್ತು ಉಪದಾನಗಳನ್ನು ಕಾನೂನಿನಂತೆ ಸಲ್ಲಿಸಲಿ. ಪ್ರವೇಶಗಳನ್ನು ತರುವ ಹೊರೆಯನ್ನು ಶಿಕ್ಷಕರ ಹೆಗಲಿನಿಂದ ಇಳಿಸಲಿ.

ದಾನಿಗಳು ಒಂದು ನಿಯಮವನ್ನು ಕೈಗೊಳ್ಳಬಹುದು. ಕೊಠಡಿಗೆ, ಕಮಾನಿಗೆ, ಫಲಕಕ್ಕೆ ಹಣ ಕೊಡುವ ಮುನ್ನ 'ನಿಮ್ಮ ನೌಕರರ ಸಂಬಳ ಯಾವ ತಿಂಗಳವರೆಗೆ ಸಂದಾಯವಾಗಿದೆ?' ಎಂದು ಕೇಳಲಿ. ಬಾಕಿ ಇದ್ದಲ್ಲಿ ದಾನವು ಮೊದಲು ಅದಕ್ಕೇ ವಿನಿಯೋಗವಾಗಲಿ. ವೇತನನಿಧಿಗೆ ಕೊಟ್ಟ ದಾನಕ್ಕೆ ಅಮೃತಶಿಲೆಯ ಫಲಕವಿರುವುದಿಲ್ಲ, ಅದರ ಪುಣ್ಯಕ್ಕೆ ಅದರಿಂದ ಕುಂದೂ ಇಲ್ಲ. ಪೋಷಕರು ಫಲಿತಾಂಶದ ಶೇಕಡವನ್ನು ವಿಚಾರಿಸುವಂತೆಯೇ ಶಿಕ್ಷಕರು ಎಷ್ಟು ವರ್ಷಗಳಿಂದ ಅಲ್ಲಿ ನಿಂತಿದ್ದಾರೆಂದು ವಿಚಾರಿಸಲಿ. ಶಿಕ್ಷಕರು ತಮ್ಮ ಹಕ್ಕುಗಳನ್ನು ಅರಿತು, ಒಬ್ಬೊಬ್ಬರಾಗಿ ಅಂಜದೆ, ಒಂದಾಗಿ ವಿನಯದಿಂದಲೂ ದೃಢತೆಯಿಂದಲೂ ಕೇಳಲಿ. ಸರ್ಕಾರವು ಶಾಲೆಗಳ ಮಾನ್ಯತೆಯನ್ನು ನವೀಕರಿಸುವಾಗ ಕಟ್ಟಡದ ಸುರಕ್ಷತಾ ಪತ್ರವನ್ನು ಕೇಳುವಷ್ಟೇ ಕಟ್ಟುನಿಟ್ಟಾಗಿ ವೇತನ ಪಾವತಿಯ ಬ್ಯಾಂಕ್ ದಾಖಲೆಯನ್ನೂ ಕೇಳಲಿ.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮತ್ತು ಯುನೆಸ್ಕೋಗಳು 1966ರ ಅಕ್ಟೋಬರ್ 5ರಂದು ಅಂಗೀಕರಿಸಿದ ಶಿಕ್ಷಕರ ಸ್ಥಾನಮಾನ ಕುರಿತ ಶಿಫಾರಸು, ಸಮಾನ ಅರ್ಹತೆಯನ್ನು ಬೇಡುವ ಇತರ ವೃತ್ತಿಗಳ ವೇತನಕ್ಕೆ ಸರಿದೊರೆಯಾಗಿ ಶಿಕ್ಷಕರ ವೇತನವಿರಬೇಕೆಂದಿತು. ಆರು ದಶಕಗಳು ಕಳೆದ ಮೇಲೂ ನಾವು ದೇವದುರ್ಗದಲ್ಲಿ, ಮಾನವಿಯಲ್ಲಿ, ರಾಯಚೂರಿನ ಬಡಾವಣೆಗಳಲ್ಲಿ ದಿನಗೂಲಿಯೊಡನೆ ಹೋಲಿಸಿ ನೋಡಬೇಕಾದ ಸ್ಥಿತಿಯಲ್ಲಿದ್ದೇವೆ. ಸಲ್ಲಬೇಕಾದುದನ್ನು ಸಲ್ಲಿಸಿದ ಬಳಿಕ ತೃಪ್ತಿಯ ಪ್ರಶ್ನಾವಳಿಯನ್ನು ಹಂಚಲಿ, ಆಗ ಬರುವ ಉತ್ತರಕ್ಕೆ ಬೆಲೆಯಿರುತ್ತದೆ. ಅಲ್ಲಿಯವರೆಗೆ ಸಂತೃಪ್ತಿಯ ಪ್ರವಚನವನ್ನು ಕೇಳಬೇಕಾದವರು ಆಡಳಿತ ಮಂಡಳಿಯ ಸಭಾಂಗಣದಲ್ಲಿ ಕುಳಿತವರೇ ಹೊರತು ಸಿಬ್ಬಂದಿ ಕೊಠಡಿಯಲ್ಲಿರುವವರಲ್ಲ.